ಅಪ್ಪನ ಚಿತ್ರಕ್ಕೆ ಕೆಂಪು ಧೂಳು

ಗೆಳೆಯರೇ, ಇವತ್ತು ಬೆಳಿಗ್ಗೆ ಅಪ್ಪನ ಚಿತ್ರ ಮನೆಗೆ ಬಂತು. ಮನೆಯೊಳಗೆ ಮಾತ್ರ ಇನ್ನೂ ಬಂದಿಲ್ಲ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಸಂಡೂರಿನ ಗಣಿಯಲ್ಲಿ ಇಡೀ ಆಯುಷ್ಯ ದುಡಿದವರು. ಫೋಟೊಗಳಲ್ಲೆಲ್ಲ ಇಸ್ತ್ರಿ ಅಂಗಿ ತೊಟ್ಟು ಬಿಗಿಯಾಗಿ ಕೂತಿದ್ದಾರೆ. ಅದು ನನಗೆ ಸುಳ್ಳು ಅನಿಸುತ್ತಿತ್ತು. ಹಾಗಾಗಿ ಹೊಸಪೇಟೆಯ ಕಲಾವಿದರೊಬ್ಬರಿಗೆ ಹೇಳಿ ಚಿತ್ರ ಬರೆಸಿದೆ. ಹುಬ್ಬು, ಕಿವಿ, ಕಾಲರು, ಎಲ್ಲದರ ಮೇಲೂ ಅದಿರಿನ ಕೆಂಪು ಧೂಳು ಇರಲೇಬೇಕು ಎಂದಿದ್ದೆ. ಅವರು ಆ ಧೂಳೊಂದಕ್ಕೇ ತಿಂಗಳು ಕೂತರು. ಇವತ್ತು ಅವರೇ ಚಿತ್ರ ಹೊತ್ತು ತಂದರು.

ಅವ್ವ ಬಾಗಿಲಲ್ಲೇ ತಡೆದಳು. “ಇದನ್ನ ಒಳಗ ತರಬ್ಯಾಡ.”

ಕಲಾವಿದರು ಗಾಬರಿಯಾದರು. “ಯಾಕ್ರಿ ಅಮ್ಮ, ಮುಖ ಸರಿ ಬಂದಿಲ್ಲೇನ್ರಿ?”

“ಮುಖ ಅವರದ ಐತ್ರಿ, ಭಾಳ ಚಂದ ಬರ್ದೀರಿ. ಆದ್ರ ಅವರು ಗಣಿಯಿಂದ ಬಂದ್ರ ಹೊರಗ ನಲ್ಲಿ ಹತ್ರ ಮೈ ತೊಳಕೊಂಡು, ಬ್ಯಾರೆ ಅಂಗಿ ಹಾಕ್ಕೊಂಡು ಒಳಗ ಬರ್ತಿದ್ರು. ಒಂದಿನಾನೂ ಆ ಧೂಳು ಹೊಸ್ತಿಲು ದಾಟಿಸಲಿಲ್ಲ.” ಆಮೇಲೆ ನನ್ನ ಕಡೆ ತಿರುಗಿದಳು. “ನೀನು ಅದನ್ನ ಗ್ವಾಡಿಗೆ ತೂಗು ಹಾಕ್ತೀ ಏನಲೇ?”

ನಾನು ಚಿತ್ರ ಎತ್ತಿಕೊಂಡು ನಲ್ಲಿಯ ಕಡೆ ನಡೆದೆ.

ಚಿತ್ರ ಈಗ ಹೊರಗೆ ನಲ್ಲಿಯ ಪಕ್ಕದ ಗೋಡೆಗೆ ಒರಗಿದೆ. ಬಿಸಿಲು ತಾಗಬಾರದೆಂದು ಅವ್ವನೇ ಟವೆಲು ಹೊದಿಸಿದ್ದಾಳೆ. ಕಲಾವಿದರು ತಿಂಗಳು ಹಿಡಿದು ಹಚ್ಚಿದ ಧೂಳನ್ನು ಅಪ್ಪ ಹತ್ತು ನಿಮಿಷದಲ್ಲಿ ತೊಳೆದುಕೊಂಡು ಒಳಗೆ ಬರುತ್ತಿದ್ದರು.