ಮುಟ್ಟಿಸಿಕೊಂಡವರ ಪಂದ್ಯ

ಯುಗಾದಿ ಕಳೆದ ಮೊದಲ ಶುಕ್ರವಾರ, ಸಾಲೆಗೆ ರಜೆ. ಗಂಗಾವತಿ ಕಡೆಯ ಹೊಳೆದಂಡೆಯ ಉಸುಕಿನಲ್ಲಿ ನಮ್ಮ ಹೈಸ್ಕೂಲಿನ ಹುಡುಗರ ಹುತುತು, ಅಂದರೆ ಕಬಡ್ಡಿ. ಚೆನ್ನಾಗಿ ಆಡಿದವರು ಕೊಪ್ಪಳದ ಪಂದ್ಯಕ್ಕೆ ಹೋಗುತ್ತಾರೆ. ಅವರನ್ನು ಕರೆದೊಯ್ಯಬೇಕಾದ ಮಾಸ್ತರ ನಾನು.

ಗೆಳೆಯರೇ, ಹೊರಕೇರಿಯ ದುರಗಪ್ಪ ಉಸಿರು ಬಿಗಿಹಿಡಿದು ಎದುರಿನವರ ಅಂಕಣಕ್ಕೆ ನುಗ್ಗಿದ. ಅವನನ್ನು ಹಿಡಿಯಲು ಒಬ್ಬನೂ ಕೈ ಚಾಚಲಿಲ್ಲ. ಹಿಡಿದರೆ ಮೈಲಿಗೆ. ಅವನೋ ನಾಲ್ವರನ್ನು ಮುಟ್ಟಿ ಸಲೀಸಾಗಿ ಗೆರೆ ದಾಟಿ ಬಂದ. ಆ ನಾಲ್ವರೂ ನೇರ ಹೊಳೆಗೆ ಓಡಿ ಮುಳುಗು ಹಾಕಿದರು.

"ಔಟಾದವರು ಹೊರಗ ಕೂಡ್ರಬೇಕ್ರೋ, ಈಜಾಕ ಹೊಂಟೀರೇನು?" ಎಂದು ದುರಗಪ್ಪ ನಕ್ಕ.

ಆಟದ ತೀರ್ಪು ಕೊಡುವ ಪಂಚರಾಗಿದ್ದ ಡ್ರಿಲ್ ಮಾಸ್ತರರು ಸೀಟಿ ಊದಿದರು. "ದುರಗ್ಯಾ, ನೀನ ಔಟ್. ಹೊರಗ ನಡಿ."

"ನನ್ನ ಯಾರ್ ಹಿಡದಾರ್ರೀ, ಮಾಸ್ತರ?"

"ಹಿಡಿಯಾಕ ಬರಂಗಿಲ್ಲಂತ ಗೊತ್ತಿದ್ದೂ ಒಳಗ ಹೋದಿ. ಮೋಸ ಅದು. ಸೋಲೂದನ್ನೂ ಕಲೀಬೇಕಪಾ, ಅದಕ್ಕ ಆಟದ ಧರ್ಮ ಅಂತಾರ."

"ಹಂಗಾರ ನಾ ಹೆಂಗ ಆಡ್ಲಿರಿ?"

ಡ್ರಿಲ್ ಮಾಸ್ತರರು ಮತ್ತೆ ಸೀಟಿ ಊದಿದರು. ದುರಗಪ್ಪ ಅಂಗಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ತಲೆಯಿಂದ ನೀರು ಸೋರುತ್ತಿದ್ದ ನಾಲ್ವರೂ ಕೊಪ್ಪಳಕ್ಕೆ ಆಯ್ಕೆಯಾದರು. ಡ್ರಿಲ್ ಮಾಸ್ತರರು ಅವರ ಬೆನ್ನು ತಟ್ಟಿ, "ಭಾಳ ಛಲೋ ಆಡಿದ್ರಿ" ಎಂದರು. ಮುಟ್ಟಿಸಿಕೊಂಡದ್ದನ್ನು ಬಿಟ್ಟರೆ ಅವರು ಆಡಿದ್ದು ಏನೂ ಇರಲಿಲ್ಲ.

ದುರಗಪ್ಪ ಬರದಿದ್ದರೆ ಕೊಪ್ಪಳಕ್ಕೆ ನಾನೂ ಹೋಗುವುದಿಲ್ಲ. ಇದನ್ನು ನಾಳೆ ಹೆಡ್ ಮಾಸ್ತರರಿಗೆ ಹೇಳಬೇಕೆಂದು ತೀರ್ಮಾನಿಸಿದ್ದೇನೆ. ಸದ್ಯಕ್ಕೆ ನಿಮಗಷ್ಟೇ ಹೇಳಿದ್ದೇನೆ.