ತುಂಬದ ಲೋಟ

ನಮ್ಮ ಪನಾಯ್ ದ್ವೀಪದಲ್ಲಿ ಗಂಡಸರ ಕುತ್ತಿಗೆ ತಿರುಚಿ, ಕೈಕಾಲು ನಡುಗಿಸುವ ಕಾಯಿಲೆಯೊಂದಿದೆ. ತಾಯಿಯ ರಕ್ತದಲ್ಲಿ ಸದ್ದಿಲ್ಲದೆ ಬಂದು ಗಂಡುಮಕ್ಕಳನ್ನು ಹಿಡಿಯುತ್ತದೆ. ನರರೋಗ ತಜ್ಞೆ ಅನ್ಸೆಲ್ಮಾ ಇಪ್ಪತ್ತಾರು ವರ್ಷ ಅದರ ಬೆನ್ನು ಹತ್ತಿ ಮನೆಮನೆ ಅಲೆದಳು. ಮದುವೆಯಾಗಲಿಲ್ಲ. ಪಟ್ಟಣದ ಬಾಡಿಗೆ ಕೋಣೆಯಲ್ಲಿ ಒಂದು ಮಂಚ, ಒಂದು ತಟ್ಟೆ, ಗೋಡೆ ತುಂಬ ವಂಶವೃಕ್ಷದ ಹಾಳೆಗಳು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ರೋಗಿಯ ಚೌಕಕ್ಕೆ ಮಸಿ, ರೋಗ ಹೊತ್ತವಳ ವೃತ್ತದೊಳಗೆ ಚುಕ್ಕೆ.

ಅಂದು ಮೀನುಗಾರ ಫೆರ್ಮಿನ್‌ನ ಸರದಿ. ಕೈಯ ನಡುಕಕ್ಕೆ ಅಂಕ ಕೊಡುವ ಪರೀಕ್ಷೆ: ನೀರಿನ ಲೋಟವನ್ನು ಮೇಜಿನಿಂದ ಕಿಟಕಿಗೆ ಒಯ್ಯಬೇಕು. ಅವಳು ವಿಡಿಯೋ ತೆಗೆಯುತ್ತಾಳೆ.

"ನೇರ ನೋಡಿ ಫೆರ್ಮಿನ್."

"ಕುತ್ತಿಗೆ ಪಕ್ಕದ್ಮನೆ ಕಡೇನೇ ಎಳೆಯುತ್ತೆ ಡಾಕ್ಟ್ರಮ್ಮ."

"ಎಳೀದೆ ಏನು? ಅಲ್ಲಿ ಹೊಸಬಳು ಬಾಡಿಗೆಗೆ ಬಂದಿದ್ದಾಳಲ್ಲ!" ಹೆಂಡತಿ ಕ್ಲಾರಿಟಾ ಲೋಟಕ್ಕೆ ನೀರು ಸುರಿದಳು.

ಫೆರ್ಮಿನ್ ಅದನ್ನು ಕಿಟಕಿಗೆ ಒಯ್ದ; ಹನಿಯೂ ಚೆಲ್ಲಲಿಲ್ಲ. ಹಾಗೆಂದು ಬರೆಯಹೊರಟ ಅನ್ಸೆಲ್ಮಾ ಲೋಟ ನೋಡಿದಳು. ಅರ್ಧವೇ ಇತ್ತು.

"ಹನ್ನೊಂದು ವರ್ಷದಿಂದ ಇವರ ಲೋಟ ನಾನು ತುಂಬೇ ಇಲ್ಲ," ಎಂದಳು ಕ್ಲಾರಿಟಾ. "ತುಂಬಿದ್ರೆ ನೆಲ ಒರೆಸೋಳು ನಾನು ತಾನೆ?"

ಇಷ್ಟು ವರ್ಷ ಗಂಡಸರ ಕೈಗೆ ಕೊಟ್ಟ ಅಂಕಗಳಲ್ಲಿ ಎಷ್ಟು ಹೆಂಡತಿಯರ ದುಡಿಮೆ ಸೇರಿತ್ತೋ! ಆದರೆ ಪೆನ್ನು ನಿಂತದ್ದು ಅದಕ್ಕಲ್ಲ. ತವರಿನಲ್ಲಿ ತಮ್ಮ ನೆಸ್ತೊರ್‌ನ ಕಾಫಿ ಲೋಟವೂ ಅರ್ಧವೇ ಇರುತ್ತಿತ್ತು. ಅವಳು ಹೋದಾಗಲೆಲ್ಲ ಅವನು ಗದ್ದಕ್ಕೆ ಕೈಯೂರಿ ಕೂತಿರುತ್ತಿದ್ದ. ಗದ್ದ ಮುಟ್ಟಿಕೊಂಡರೆ ಕುತ್ತಿಗೆಯ ಎಳೆತ ತಗ್ಗುತ್ತದೆಂದು ಊರಿಗೆಲ್ಲ ಹೇಳಿಕೊಟ್ಟವಳು ಅವಳೇ.

ಭಾನುವಾರ ತವರಿಗೆ ಹೋದಳು.

"ಯಾವಾಗಿಂದ ಅಮ್ಮ?"

ತಾಯಿ ಸೀಗಡಿ ಸುಲಿಯುವುದನ್ನು ನಿಲ್ಲಿಸಲಿಲ್ಲ. "ಎಂಟು ವರ್ಷ."

"ನಾನು ಇದಕ್ಕೇ ಡಾಕ್ಟರಲ್ವಾ?"

"ಅದಕ್ಕೇ ಹೇಳ್ಲಿಲ್ಲ ಕಣೇ. ಹೇಳಿದ್ರೆ ನಿನ್ನನ್ನೂ ನೀನೇ ಆ ಹಾಳೆಗೆ ಏರಿಸ್ಕೋತಿದ್ದೆ."

"ನಂದೂ ವಿಡಿಯೋ ತೆಗಿ ಅಕ್ಕ," ನೆಸ್ತೊರ್ ನಕ್ಕ. "ಆದ್ರೆ ಲೋಟಕ್ಕೆ ನೀರು ಅಮ್ಮನೇ ಹಾಕ್ಬೇಕು."

ಕೋಣೆಗೆ ಮರಳಿ ಹೊಸ ಹಾಳೆ ಅಂಟಿಸಿದಳು. ತಮ್ಮನ ಚೌಕಕ್ಕೆ ಮಸಿ, ಅಮ್ಮನ ವೃತ್ತಕ್ಕೆ ಚುಕ್ಕೆ. ಪಕ್ಕದಲ್ಲಿ ತನ್ನ ವೃತ್ತ ಖಾಲಿ ಉಳಿಯಿತು. ಅದರೊಳಗೆ ಚುಕ್ಕೆ ಬೇಕೋ ಬೇಡವೋ ತೀರ್ಮಾನಿಸಲು ಒಂದು ಸಣ್ಣ ಸೀಸೆ ರಕ್ತ ಸಾಕು. ನೂರಾರು ಹೆಂಗಸರ ತೋಳು ಹಿಡಿದವಳು ಸೂಜಿ ಹೊರತೆಗೆದಿಟ್ಟು, ತನ್ನ ತೋಳಿಗೆ ರಬ್ಬರ್ ಪಟ್ಟಿ ಸುತ್ತಿದಳು. ಬಿಗಿಯಲು ಇನ್ನೊಬ್ಬರ ಕೈ ಬೇಕಿತ್ತು. ಪಟ್ಟಿಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು.