ಟವರಿಗೆ ಡೀಸೆಲ್ ಹಾಕುವ ಊರು

ಮಲೆನಾಡಿನ ಸಂಸೆಗೆ ಬಂದಿಳಿದ ವಾರವೇ ಮನೆಯೊಡತಿ ವನಜಮ್ಮ ನನ್ನ ಬಾಗಿಲಿಗೆ ಬಂದು ಒಂದು ಖಾಲಿ ಕ್ಯಾನು ಮುಂದಿಟ್ಟರು. "ಈ ಸಲ ಸರದಿ ನಮ್ಮದು. ನೀವು ಕಳಸಕ್ಕೆ ಹೋಗ್ತೀರಲ್ಲ, ತುಂಬಿಸ್ಕೊಂಡು ಬನ್ನಿ."

"ಏನು ತುಂಬಿಸೋದು?"

"ಡೀಸೆಲ್."

"ಯಾವ ಗಾಡಿಗೆ?"

"ಗಾಡಿಗೆ ಎಂಥದಕ್ಕೆ? ಟವರಿಗೆ."

ಮೊಬೈಲ್ ಟವರಿಗೆ! ಗದಗಿನ ಬಿಸಿಲಲ್ಲಿ ಬೆಳೆದ ನನಗೆ ಇದು ಅರ್ಥವಾಗಲು ಹೊತ್ತು ಹಿಡಿಯಿತು. ಇಲ್ಲಿ ಗಾಳಿ ಬೀಸಿದರೆ ಮರ ಬೀಳುತ್ತದೆ, ಮರ ಬಿದ್ದರೆ ತಂತಿ ಹರಿಯುತ್ತದೆ, ಕರೆಂಟು ಹೋಗುತ್ತದೆ. ಟವರು ಸ್ವಲ್ಪ ಹೊತ್ತು ಬ್ಯಾಟರಿಯಲ್ಲಿ ಉಸಿರಾಡಿ ಸುಮ್ಮನಾಗುತ್ತದೆ. ಅದರ ಬುಡದಲ್ಲಿ ಕಬ್ಬಿಣದ ಗೂಡಿನೊಳಗೆ ಜನರೇಟರ್ ಇದೆ. ಡೀಸೆಲ್ ತರಬೇಕಾದ ಗುತ್ತಿಗೆದಾರನ ಗಾಡಿ ಬೆಟ್ಟ ಹತ್ತಿ ಬರುವುದನ್ನು ಕಾದು ಕಾದು ಬೇಸತ್ತ ಊರವರು ತಾವೇ ಮನೆಮನೆಗೆ ಸರದಿ ಮಾಡಿಕೊಂಡಿದ್ದಾರೆ. ಗೂಡಿನ ಕೀಲಿ ರೀಚಾರ್ಜ್ ಅಂಗಡಿಯ ಸುಧೀರನ ಹತ್ತಿರ.

ನಾನು ಇಲ್ಲಿಗೆ ಬಂದ ಕಾರಣದಲ್ಲಿ ಕಾವ್ಯವೇನೂ ಇಲ್ಲ. ಬೆಟ್ಟ ಕರೆಯಿತು, ಮಂಜು ಕೈಬೀಸಿತು ಎಂದು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಂಶಯ. ನಮ್ಮ ಕಂಪನಿ ಬೆಂಗಳೂರಿನಲ್ಲಿ ಒಂದು ಮಹಡಿಯನ್ನು ಬಿಟ್ಟುಕೊಟ್ಟು, ಅರ್ಧ ಜನರಿಗೆ ಎಲ್ಲಿಂದಾದರೂ ಕೆಲಸ ಮಾಡಿ ಎಂದಿತು. ಪಿಜಿ ಕೋಣೆಯಲ್ಲಿ ಮೇಜಿಗೆ ಜಾಗವಿಲ್ಲದೆ ಮಂಚದ ಮೇಲೆಯೇ ಕೂತು ಕೆಲಸ ಮಾಡಿ ನನ್ನ ಬೆನ್ನು ಬಿದ್ದುಹೋಗಿತ್ತು. ವನಜಮ್ಮ ನನ್ನ ಸಹೋದ್ಯೋಗಿಯೊಬ್ಬಳ ಚಿಕ್ಕಮ್ಮ. ಅವರ ಸಣ್ಣ ಕಾಫಿ ತೋಟದ ಅಂಚಿನಲ್ಲಿ, ಹಿಂದೆ ರೈಟರ್ ಇರುತ್ತಿದ್ದ ಎರಡು ಕೋಣೆಯ ಮನೆ ಖಾಲಿ ಇತ್ತು. ಇಲ್ಲಿ ರೈಟರ್ ಎಂದರೆ ತೋಟದ ಹಾಜರಿ, ಲೆಕ್ಕ ಬರೆಯುವ ಗುಮಾಸ್ತ. ಆತ ಹೋದ ಮೇಲೆ ನಾನು ಬಂದೆ. ನಾನೂ ಒಂದು ಬಗೆಯ ಗುಮಾಸ್ತಳೇ.

ನನ್ನ ಕೆಲಸವೆಂದರೆ ಹೊರದೇಶದ ಯಾವುದೋ ಅಂಗಡಿಗಳ ಬಿಲ್ಲಿಂಗ್ ತಂತ್ರಾಂಶ ನಿಲ್ಲದಂತೆ ಕಾಯುವುದು. ಒಂದು ಸರ್ವರ್ ಬಿದ್ದರೆ ಇನ್ನೊಂದು ತಾನಾಗಿ ಎದ್ದು ನಿಲ್ಲುತ್ತದೆ, ಅದೂ ಬಿದ್ದರೆ ಮೂರನೆಯದು ಏಳುತ್ತದೆ. ಅಷ್ಟೆಲ್ಲ ಇದ್ದರೂ ನಾನು ಕಾಯಲೇಬೇಕು. ಚಾಟ್ ಕಿಟಕಿಯಲ್ಲಿ ನನ್ನ ಹೆಸರಿನ ಪಕ್ಕ ಹಸಿರು ಚುಕ್ಕೆ ಇರಬೇಕು. ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅದು ಹಳದಿಯಾಗಿರುತ್ತದೆ. ಕೆಲಸ ಆಯಿತಾ ಎಂದು ನಮ್ಮನ್ನು ಯಾರೂ ಕೇಳುವುದಿಲ್ಲ, ಇದ್ದೀಯಾ ಎಂದು ಕೇಳುತ್ತಾರೆ. ಮಳೆಗಾಲಕ್ಕೆ ಮುಂಚೆಯೇ ಮ್ಯಾನೇಜರ್ ಪ್ರಶಾಂತ್ ಮಾತು ಮುಗಿಸಿದ್ದರು: "ಅಶ್ವಿನಿ, ನಿನಗೆ ಕೊಟ್ಟಿರೋದು ವಿನಾಯಿತಿ, ಹಕ್ಕಲ್ಲ. ಇನ್ನೊಂದು ಸಲ ಶಿಫ್ಟ್ ಮಧ್ಯ ಮಾಯ ಆದ್ರೆ ಬೆಂಗಳೂರಿಗೆ ವಾಪಸ್." ಕೇಬಲ್ ಇಂಟರ್ನೆಟ್ಟು ಮೊದಲ ಗಾಳಿಗೇ ಹರಿದು ಬೇಲಿಯ ಮೇಲೆ ಬಿದ್ದಿತ್ತು. ಹೀಗಾಗಿ ಸಂಸೆಯಲ್ಲಿ ನನ್ನ ಬದುಕು ಆ ಒಂದು ಟವರಿನ ಮೇಲೆ ನಿಂತಿತ್ತು.

ಹಾಗಿದ್ದೂ ಕ್ಯಾನು ಹಿಡಿಯಲು ನನಗೆ ಮನಸ್ಸಾಗಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆಂದು ಊರೂರು ಸುತ್ತಿದವಳು ನಾನು, ತಪ್ಪು ತರ್ಕ ಕಂಡರೆ ಮೈ ಕೆರೆಯುತ್ತದೆ. ಸುಧೀರನ ಅಂಗಡಿಗೆ ಹೋಗಿ ಕೇಳಿದೆ: "ನಾವು ರೀಚಾರ್ಜ್ ಮಾಡಿಸ್ತೀವಿ. ಟವರ್ ನಡೆಸೋದು ಯಾರ ಜವಾಬ್ದಾರಿ?"

"ಅವರದೇ. ಅದ್ರಲ್ಲಿ ಡೌಟೇ ಇಲ್ಲ."

"ಮತ್ತೆ ಡೀಸೆಲ್ ನೀವ್ಯಾಕೆ ಹಾಕ್ತೀರಿ?"

"ಅವರು ಹಾಕೋದಿಲ್ಲವಲ್ಲ ಮಾರಾಯ್ರೆ."

"ಇದು ಶರಣಾಗತಿ."

"ಹೌದು" ಎಂದು ಅವನು ನಕ್ಕು ಇನ್ನೊಬ್ಬರ ಫೋನಿಗೆ ಗಾಜು ಅಂಟಿಸತೊಡಗಿದ. ಎಲ್ಲವನ್ನೂ ಒಪ್ಪಿಕೊಂಡುಬಿಡುವವರ ಜೊತೆ ವಾದ ಮಾಡುವಷ್ಟು ಸುಸ್ತು ಬೇರೊಂದಿಲ್ಲ.

ವನಜಮ್ಮ ಒಪ್ಪುವ ಪೈಕಿಯಲ್ಲ. "ನಿಮ್ಮ ಗದಗಲ್ಲಿ ನಲ್ಲಿ ನೀರು ದಿನಾ ಬರ್ತದಾ?" ಎಂದು ಕೇಳಿದರು. ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡ ಎಂದೆ. "ನೀರು ಬಿಡೋದು ನಿಮ್ಮ ಕೆಲಸ ಅಲ್ಲ ಅಲ್ವಾ? ಹಾಗಾದ್ರೆ ಕೊಡ ಹಿಡ್ಕೊಂಡು ಯಾಕೆ ನಿಲ್ತೀರಿ?" ಸರದಿಯಲ್ಲಿ ನಿಲ್ಲುವುದು ಬೇರೆ, ನಾವೇ ಕೆರೆ ತೋಡುವುದು ಬೇರೆ ಎಂದೆ. "ಕೆರೆ ತೋಡಿದ್ರೆ ವಾರ ಕಾಯೋದು ತಪ್ತಿತ್ತಲ್ಲ" ಎಂದು ಕಾಫಿಯ ಲೋಟ ಎತ್ತಿಕೊಂಡು ಒಳಗೆ ಹೋದರು. ಅಂಕ ಅವರಿಗೆ. ಆದರೂ ಮೊದಲ ಸರದಿಯಲ್ಲಿ ಡೀಸೆಲ್ ತಂದವರು ಅವರೇ, ನಾನಲ್ಲ.

ನೀವು ಅಲ್ಲಿ ಕೂತು ಊಹಿಸುವಂತೆ ಇಲ್ಲಿ ದಿನಗಳೆಲ್ಲ ರಮ್ಯವಾಗಿರುವುದಿಲ್ಲ. ಕಡುಬು ಮಾಡಿದ್ದೇನೆ ಎಂದು ವನಜಮ್ಮ ಕರೆದರೆ, ನಮ್ಮ ಕಡೆಯಂತೆ ಹೂರಣದ ಆಸೆಯಿಂದ ಹೋದೆ. ತಟ್ಟೆಯಲ್ಲಿದ್ದದ್ದು ಹಬೆಯಲ್ಲಿ ಬೆಂದ ಬಿಳಿ ಅಕ್ಕಿಯುಂಡೆ, ಜೊತೆಗೆ ಕಳಲೆ, ಅಂದರೆ ಎಳೆ ಬಿದಿರಿನ ಪಲ್ಯ. ಅವ್ವ ಕಳಿಸಿದ ಜೋಳದ ಹಿಟ್ಟು ತೇವಕ್ಕೆ ಗಂಟುಗಟ್ಟಿತು. ಅದನ್ನೇ ಜರಡಿ ಹಿಡಿದು ರೊಟ್ಟಿ ಬಡಿದು ವನಜಮ್ಮನಿಗೆ ಕೊಟ್ಟಾಗ ಅವರು ಬಹಳ ಹೊತ್ತು ಅಗಿದು, "ಗಟ್ಟಿ ಉಂಟು. ನಾಳೆಗೂ ಆಗ್ತದೆ" ಎಂದರು. ಅದನ್ನು ಹೊಗಳಿಕೆ ಎಂದೇ ತಗೊಂಡೆ. ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಮೀಟಿಂಗಿನಲ್ಲಿ ಯಾರೋ ಕೇಳುತ್ತಾರೆ: "ಅಶ್ವಿನಿ, ಫ್ಯಾಕ್ಟರಿ ಒಳಗೆ ಕೂತಿದ್ದೀಯಾ? ಮ್ಯೂಟ್ ಮಾಡು." ಮ್ಯೂಟ್ ಮಾಡುತ್ತೇನೆ. ಕ್ಯಾಮೆರಾ ಆರಿಸಿದ ಕಪ್ಪು ಚೌಕಗಳ ಜೊತೆ ಇಡೀ ದಿನ ಮಾತಾಡಿ, ಸಂಜೆ ಬಾಗಿಲು ತೆರೆದರೆ ನನ್ನ ಮುಖ ನೋಡುವ ಮೊದಲ ಮನುಷ್ಯ ವನಜಮ್ಮ. ಗದಗಿನಲ್ಲಿ ಓಣಿಯವರ ಕಣ್ಣು ತಪ್ಪಿಸಿ ಓಡಾಡುತ್ತಿದ್ದೆ. ಇಲ್ಲಿ ಯಾರಾದರೂ ನೋಡಲಿ ಎಂದು ಕಾರಣವಿಲ್ಲದೆ ರಸ್ತೆಗೆ ಹೋಗಿ ನಿಂತದ್ದುಂಟು.

ಮಳೆ ಹಿಡಿಯುವ ಮೊದಲು ನಾನು ದೂರು ಕೊಟ್ಟೆ. ದೂರಿನ ಪೋರ್ಟಲ್ ಒಟಿಪಿ ಕೇಳುತ್ತದೆ, ಒಟಿಪಿ ಬರಲು ಸಿಗ್ನಲ್ ಬೇಕು. ಸಂಸೆಯಲ್ಲಿ ಸಿಗ್ನಲ್ ಇಲ್ಲ ಎಂದು ಹೇಳಲು ಕಳಸದವರೆಗೆ ಜೀಪಿನಲ್ಲಿ ನಿಂತು ಹೋದೆ. ನಿಯಮಗಳನ್ನು ಓದಿ, ಫೋಟೊ ಸೇರಿಸಿ, ಬಿಡದೆ ಬೆನ್ನು ಹತ್ತಿದೆ. ಕೊನೆಗೆ ಟವರ್ ನೋಡಿಕೊಳ್ಳುವವರ ಕಡೆಯಿಂದ ಇಬ್ಬರು ಬಂದರು. ಸಭ್ಯ ಜನ. ಊರವರು ಜನರೇಟರ್ ಮುಟ್ಟುವುದು ಅಪಾಯ, ಇನ್ನು ಮುಂದೆ ಡೀಸೆಲ್ ಪೂರ್ತಿ ನಮ್ಮ ಹೊಣೆ ಎಂದರು. ಸುಧೀರನಿಂದ ಕೀಲಿ ವಾಪಸ್ ಪಡೆದು, ಗೂಡಿಗೆ ಹೊಸ ಬೀಗ ಜಡಿದು ಹೋದರು.

"ಗೆದ್ರಲ್ಲ ಮೇಡಂ, ಪಾರ್ಟಿ ಎಲ್ಲಿ?" ಎಂದ ಸುಧೀರ. ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ಅಲ್ಲಿದ್ದವರಿಗೆಲ್ಲ ಗೋಳಿಬಜೆ ಕೊಡಿಸಿದೆ. ಆ ದಿನ ನನಗೆ ನಿಜಕ್ಕೂ ಖುಷಿಯಾಗಿತ್ತು.

ಆಷಾಢದಲ್ಲಿ ಒಂದು ಮಧ್ಯಾಹ್ನ ಕರೆಂಟು ಹೋಯಿತು, ಸಂಜೆಯೊಳಗೆ ಟವರೂ ಹೋಯಿತು, ನನ್ನ ಶಿಫ್ಟಿನ ನಡುವೆಯೇ. ಕಳಸದ ರಸ್ತೆಯಲ್ಲಿ ದರೆ, ಅಂದರೆ ಪಕ್ಕದ ಗುಡ್ಡದ ಮಣ್ಣು, ಜರಿದು, ಡೀಸೆಲ್ ಗಾಡಿ ಆಚೆ ಕಡೆ ಸಿಕ್ಕಿಬಿದ್ದಿದೆ ಎಂದು ಮಣ್ಣು ದಾಟಿ ನಡೆದು ಬಂದವರು ಹೇಳಿದರು. ನಾನು ಆಚೆ ಹೋಗೋಣವೆಂದರೆ ಅಲ್ಲಿಯೂ ಕರೆಂಟಿಲ್ಲ, ಫೋನಿಲ್ಲ. ಗುತ್ತಿಗೆದಾರನನ್ನು ಬೈಯಲೂ ನ್ಯಾಯವಿರಲಿಲ್ಲ. ಮಾರನೆಯ ದಿನದ ಶಿಫ್ಟೂ ಹಾಗೆಯೇ ಕಳೆಯಿತು. ಬೆಂಗಳೂರಿನಲ್ಲಿ ನನ್ನ ಹೆಸರಿನ ಪಕ್ಕದ ಚುಕ್ಕೆ ಬೂದು ಬಣ್ಣಕ್ಕೆ ತಿರುಗಿರುತ್ತದೆ, ಪ್ರಶಾಂತ್ ಅದನ್ನೇ ನೋಡುತ್ತಿರುತ್ತಾರೆ ಎಂದುಕೊಳ್ಳುತ್ತ ಸುಧೀರನ ಅಂಗಡಿ ಜಗಲಿಗೆ ಹೋದೆ. ಅರ್ಧ ಊರು ಅಲ್ಲಿತ್ತು.

"ಮೇಡಂ, ನಿಮ್ಮ ಪೋರ್ಟಲ್‌ಗೆ ಒಂದು ಫೋನ್ ಹಾಕಿ ನೋಡಿ" ಎಂದು ಯಾರೋ ಹಿಂದಿನಿಂದ ಅಂದರು. ಎಲ್ಲರೂ ನಕ್ಕರು. ಕೋಪದ ನಗುವಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಸುಧೀರ ಹ್ಯಾಕ್ಸಾ ಬ್ಲೇಡು ಹಿಡಿದಿದ್ದ. "ಡೀಸೆಲ್ ನನ್ನ ಜೀಪಲ್ಲಿ ಉಂಟು. ಬೀಗ ಕೊಯ್ಯೋದಾ, ಬೇಡ್ವಾ? ನೀವೇ ಹೇಳಿ. ಹಾಕ್ಸಿದ್ದು ನೀವು."

"ಅದು ಅವರ ಆಸ್ತಿ. ಕೊಯ್ದರೆ ಕೇಸ್ ಆಗಬಹುದು" ಎಂದೆ.

"ಹಾಗಾದ್ರೆ ಬೇಡ?"

ಚರ್ಚಾಸ್ಪರ್ಧೆಯಲ್ಲಿ ಪರವೋ ವಿರೋಧವೋ ಎಂಬುದನ್ನು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ನಿನಗೆ ಏನು ಬೇಕು ಎಂದು ಅಲ್ಲಿ ಯಾರೂ ಕೇಳುವುದಿಲ್ಲ, ಅದೇ ಅದರ ಸುಖ. ಇಲ್ಲಿ ನನಗೆ ಏನು ಬೇಕು ಎಂಬುದು ಜಗಲಿಯ ಮೇಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನನ್ನ ತರ್ಕ ನನ್ನ ಕೆಲಸ ಉಳಿಯುವ ಕಡೆಗೇ ಜಾರುತ್ತಿರುವುದು ನನಗೂ ಕಾಣುತ್ತಿತ್ತು. ಕಂಡೂ ಹೇಳಿದೆ: "ಕೊಯ್ಯಿರಿ. ದೂರಿನಲ್ಲಿ ನನ್ನ ಹೆಸರಿದೆ. ಯಾರಾದ್ರೂ ಕೇಳಿದ್ರೆ ಅದೇ ಹೆಸರು ಹೇಳಿ."

"ಸುಮ್ನಿರಿ ನೀವು" ಎಂದರು ವನಜಮ್ಮ. "ನಾಳೆ ಎದ್ದು ಹೋಗೋರ ಹೆಸರಲ್ಲಿ ಎಂಥ ಕೇಸು? ಊರೇ ಕೊಯ್ದದ್ದು ಅಂದ್ರಾಯ್ತು."

"ನಾಳೆ ಎದ್ದು ಹೋಗೋಳು ಅಂತ ಯಾರು ಹೇಳಿದ್ದು ನಿಮಗೆ?" ನನ್ನ ದನಿ ಬೇಡದಷ್ಟು ಏರಿತು. ಸುಧೀರ ಆಗಲೇ ಮಳೆಗೆ ಇಳಿದಿದ್ದ.

ಬೀಗ ಗಟ್ಟಿಯಿತ್ತು, ಬ್ಲೇಡು ಎರಡು ಸಲ ಮುರಿಯಿತು. ಕೊನೆಗೆ ಜನರೇಟರ್ ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಸ್ವಲ್ಪ ಹೊತ್ತಿಗೆ ಜಗಲಿಯ ಮೇಲಿದ್ದ ಎಲ್ಲರ ಜೇಬು, ಸೆರಗಿನ ಗಂಟುಗಳಲ್ಲಿ ಒಟ್ಟಿಗೆ ಟಿಂಗ್ ಟಿಂಗ್ ಸದ್ದು ಶುರುವಾಯಿತು. ಜನ ನಗುತ್ತ, ಕೂಗುತ್ತ ಒಬ್ಬೊಬ್ಬರು ಒಂದೊಂದು ಕಂಬಕ್ಕೆ ಒರಗಿ ಮಾತಾಡತೊಡಗಿದರು. ವನಜಮ್ಮ ಮೂಡಿಗೆರೆಯ ಅಕ್ಕನಿಗೆ ಹೇಳುತ್ತಿದ್ದರು: "ಹೂಂ ಕಣೇ, ಈಗ ಬಂತು. ಕೊಯ್ಯಿ ಅಂದದ್ದು ನಮ್ಮ ಹುಡುಗಿನೇ. ಗದಗಿನವಳು, ಬಾಯಿ ಜೋರು."

ನನ್ನ ಫೋನಿಗೂ ಮೇಲ್ ಬಂದಿತ್ತು, ಪ್ರಶಾಂತ್ ಅವರದು. ವಿನಾಯಿತಿ ರದ್ದಾಗಿದೆ, ಸೋಮವಾರ ಬೆಂಗಳೂರು ಕಚೇರಿಗೆ ಹಾಜರಾಗಬೇಕು, ಮಳೆಗಾಲ ಮುಗಿದ ಮೇಲೆ ಮತ್ತೆ ಅರ್ಜಿ ಹಾಕಬಹುದು. ಅದು ಬೆಳಿಗ್ಗೆಯೇ ಹೊರಟ ಮೇಲ್. ಸಿಗ್ನಲ್ ಇಲ್ಲದ್ದಕ್ಕೆ ಅಷ್ಟು ಹೊತ್ತು ನನ್ನನ್ನು ತಲುಪಿರಲಿಲ್ಲ.

ಊರವರು ಡೀಸೆಲ್ ಹಾಕಬಾರದು ಎಂಬ ನನ್ನ ವಾದ ಈಗಲೂ ಸರಿಯೇ. ಇದನ್ನು ಓದುವ ಯಾರು ಬೇಕಾದರೂ ವಿರೋಧಿಸಿ ಬರೆಯಿರಿ, ಉತ್ತರ ಕೊಡುತ್ತೇನೆ. ಆದರೆ ಸರಿಯಾಗಿದ್ದದ್ದರಿಂದ ಇಂಥ ದಣಿವು ಆಗುತ್ತದೆ ಎಂದು ಯಾವ ತೀರ್ಪುಗಾರರೂ ನನಗೆ ಹೇಳಿರಲಿಲ್ಲ.

ಹೊರಡುವ ದಿನ ವನಜಮ್ಮ ಮನೆ ಬೇರೆಯವರಿಗೆ ಕೊಡಲೇ ಎಂದು ಕೇಳಿದರು. ಬೇಡ, ಬೀಗ ಹಾಕಿಕೊಂಡು ಹೋಗುತ್ತೇನೆ ಎಂದೆ. "ಈ ಮಳೆಗೆ ಮುಚ್ಚಿಟ್ಟ ಮನೆ ಬೂಷ್ಟು ಹಿಡೀತದೆ. ಗೋಡೆ, ಹಾಸಿಗೆ, ಎಲ್ಲ ಹೋಗ್ತದೆ. ಕೀ ಕೊಟ್ಟು ಹೋಗಿ, ಆಗಾಗ ಒಲೆಗೆ ಬೆಂಕಿ ಹಾಕ್ತೇನೆ" ಎಂದರು. ಜೀಪು ಜರಿದ ದರೆಯವರೆಗೆ ಮಾತ್ರ ಬಂತು. ಬ್ಯಾಗು ತಲೆಯ ಮೇಲಿಟ್ಟು ಮಣ್ಣು ದಾಟಿ, ಆಚೆ ನಿಂತಿದ್ದ ಬಸ್ಸು ಹತ್ತಿದೆ.

ಇಷ್ಟು ಹೊತ್ತು ಸಂಸೆಯನ್ನು ‘ಇಲ್ಲಿ’ ಎಂದೇ ಹೇಳುತ್ತ ಬಂದೆ, ಆದರೆ ಈಗ ಬೆಂಗಳೂರಿನಲ್ಲಿ ಮತ್ತೆ ಪಿಜಿಯ ಮಂಚದ ಮೇಲೆ ಕೂತು ಬರೆಯುತ್ತಿದ್ದೇನೆ. ಹೊರಗೆ ಬಿಸಿಲಿದೆ. ನಿನ್ನೆ ವನಜಮ್ಮನ ಫೋನ್ ಬಂದಿತ್ತು. ಕರೆಂಟು, ರಸ್ತೆ, ಕಾಯಿ ಉದುರಿದ ಕಾಫಿ, ಎಲ್ಲ ಆದ ಮೇಲೆ ಹೇಳಿದರು: "ನಿಮ್ಮ ಮನೆ ಒಲೆಗೆ ಬೆಂಕಿ ಹಾಕಿದ್ದೆ ಮಾರಾಯ್ತಿ. ಮಾಡಿನ ಸಂದಿಂದ ಹೊಗೆ ಏಳೋದು ನೋಡಿ ಆ ಸುಧೀರ ಓಡಿಬಂದ, ಮೇಡಂ ಬಂದ್ರಾ ಅಂತ."

"ನೀವು ಎಂಥ ಹೇಳಿದ್ರಿ?" ಎಂದು ಕೇಳಿದೆ.

"ಇನ್ನೂ ಇಲ್ಲ ಅಂದೆ."